ಕಠ್ಮಂಡುವಿನಲ್ಲಿ ಮೂರು ದಿನ: ಆಯಿ, ಅಪ್ಪಯ್ಯನಿಗೆ ಏನು ತೋರಿಸಲಿ?

ಶಿರಸಿ ತೋಟದಮನೆ:
ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು, ಸುಲಿಯುವುದು ಎಲ್ಲ ಮುಗಿದ ಮೇಲೆ, ಮಾರ್ಚ್‌ನಲ್ಲಿ ಆಯಿ, ಅಪ್ಪಯ್ಯ ಇಬ್ಬರನ್ನೂ ಕಠ್ಮಂಡುವಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆಯಿಗೆ ಪಶುಪತಿನಾಥನ ದರ್ಶನ ಆದರೆ ಸಾಕು. ಅಪ್ಪಯ್ಯನಿಗೆ ಹಳೇ ಅರಮನೆ, ಮರದ ಕೆತ್ತನೆ ಅಂದ್ರೆ ಜೀವ. ಆಯಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಕಷ್ಟ. ಸಿಗೋದು ಮೂರೇ ದಿನ. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಒಂದೇ ದಿನಕ್ಕೆ ಏಳು ಜಾಗ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಗೋಕರ್ಣದವಳು:
ಆ ಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ. ವಯಸ್ಸಾದವರನ್ನು ವ್ಯಾನಿಗೆ ಹತ್ತಿಸಿ ಇಳಿಸಿ ಮಾಡಿದರೆ ಅವರಿಗೆ ನೆನಪಿರೋದು ವ್ಯಾನ್ ಮಾತ್ರ.

ಪಶುಪತಿಗೆ ಒಂದು ಇಡೀ ಬೆಳಗ್ಗೆ ಕೊಡಿ. ಅಲ್ಲಿ ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರು, ತಲೆತಲಾಂತರದಿಂದ ಬಂದ ಪದ್ಧತಿ. ಭಟ್ಕಳ, ಉಡುಪಿ ಕಡೆಯವರೂ ಅಲ್ಲಿ ಪೂಜೆಗೆ ನಿಂತಿದ್ದಾರೆ. ನಮ್ಮಮ್ಮ ಬಾಗಿಲಲ್ಲಿ ನಿಂತು ‘ಗೋಕರ್ಣದಿಂದ ಬಂದ್ವಿ’ ಅಂದಾಗ ಒಳಗಿದ್ದ ಭಟ್ಟರು ಕನ್ನಡದಲ್ಲೇ ‘ಈ ಸಲ ಮಳೆ ಹೇಗಿತ್ತು?’ ಅಂತ ಕೇಳಿದರು. ಅಮ್ಮನಿಗೆ ಕಣ್ಣು ತುಂಬಿ ಬಂತು. ಲಿಂಗಕ್ಕೆ ನಾಲ್ಕು ಮುಖ, ಗುಡಿಗೆ ನಾಲ್ಕು ಬಾಗಿಲು. ಸುತ್ತ ಹೋಗಿ ನಾಲ್ಕೂ ಮುಖ ನೋಡಿಸಿ. ಚರ್ಮದ ಬೆಲ್ಟು, ಪರ್ಸು ರೂಮಿನಲ್ಲೇ ಇಟ್ಟು ಹೋಗಿ. ಒಳಗೆ ಫೋಟೊ ತೆಗೆಯುವಂತಿಲ್ಲ.

ಆಮೇಲೆ ಬೌದ್ಧನಾಥ ಸ್ತೂಪ. ಹತ್ತಿರವೇ ಇದೆ, ಸುತ್ತಲೂ ಸಮತಟ್ಟು. ಆಯಿ ನಿಧಾನವಾಗಿ ಒಂದು ಸುತ್ತು ಬರಬಹುದು.

ಇನ್ನೊಂದು ಜಾಗ ಟೂರಿನವರು ಹೇಳೋದೇ ಇಲ್ಲ. ಬೌದ್ಧನಾಥದಿಂದ ಇನ್ನೂ ಮುಂದೆ ಹೋದರೆ ಬಾಗಮತಿ ದಂಡೆಯಲ್ಲೇ ಗೋಕರ್ಣೇಶ್ವರ ಇದ್ದಾನೆ. ಹೌದು, ಅಲ್ಲೂ ಒಂದು ಗೋಕರ್ಣ! ಶಿವ ಜಿಂಕೆಯಾಗಿ ಕಾಡಿನಲ್ಲಿ ಅಡಗಿದ್ದ, ದೇವತೆಗಳು ಹಿಡಿಯಲು ಹೋದಾಗ ಕೋಡು ಮೂರು ತುಂಡಾಯಿತು ಅಂತ ಕಥೆ. ಒಂದು ತುಂಡು ದೇವಲೋಕದಲ್ಲಿ, ಒಂದು ಅಲ್ಲಿ, ಇನ್ನೊಂದನ್ನು ರಾವಣ ಒಯ್ಯುವಾಗ ದಕ್ಷಿಣದ ಗೋಕರ್ಣದಲ್ಲಿ ನಿಂತಿತು. ನಾವು ಚಿಕ್ಕಂದಿನಿಂದ ಕೇಳಿದ ಆತ್ಮಲಿಂಗದ ಕಥೆಯ ಇನ್ನೊಂದು ತುದಿ ಹಿಮಾಲಯದ ಬುಡದಲ್ಲಿದೆ. ಮೂರು ಅಂತಸ್ತಿನ ಮಾಡು, ಅಂಗಳದ ಸುತ್ತ ಕಲ್ಲಿನ ಮೂರ್ತಿಗಳು, ಜನ ಕಡಿಮೆ. ಅವರ ಭಾದ್ರಪದದ ಅಮಾವಾಸ್ಯೆಗೆ (ನಮ್ಮ ಲೆಕ್ಕದಲ್ಲಿ ಶ್ರಾವಣದ ಅಮಾವಾಸ್ಯೆ) ಮಾತ್ರ ತಂದೆ ತೀರಿಕೊಂಡವರೆಲ್ಲ ಶ್ರಾದ್ಧಕ್ಕೆ ಬರುತ್ತಾರೆ. ಉತ್ತರ ಕನ್ನಡದವರು ಕಠ್ಮಂಡುವಿಗೆ ಹೋಗಿ ಇದನ್ನು ನೋಡದೇ ಬರಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಪ್ಪಯ್ಯನಿಗೆ ಭಕ್ತಪುರ. ಕಠ್ಮಂಡು ಕಣಿವೆಯಲ್ಲಿ ಇದ್ದದ್ದು ಒಂದು ರಾಜಧಾನಿಯಲ್ಲ, ಮೂರು. 1482ರಲ್ಲಿ ರಾಜ ಯಕ್ಷ ಮಲ್ಲ ತೀರಿಕೊಂಡ ಮೇಲೆ ರಾಜ್ಯ ಒಡೆದು ಕಠ್ಮಂಡು, ಪಾಟನ್, ಭಕ್ತಪುರ ಬೇರೆ ಬೇರೆಯಾದವು. ಒಬ್ಬ ರಾಜ ಗುಡಿ ಕಟ್ಟಿಸಿದರೆ ಪಕ್ಕದವನು ಅದಕ್ಕಿಂತ ಚೆಂದದ್ದು ಕಟ್ಟಿಸುತ್ತಿದ್ದ. ಹಾಗಾಗಿಯೇ ಅಷ್ಟು ಕೆತ್ತನೆ. ಭಕ್ತಪುರದ ಐದು ಮಾಡಿನ ನ್ಯಾತಪೋಲ ಗುಡಿ 1702ರದ್ದು, 1934ರ ಮತ್ತು 2015ರ ಭೂಕಂಪ ಎರಡನ್ನೂ ತಡೆದು ನಿಂತಿದೆ. ಅದರ ಮೆಟ್ಟಿಲು ಕಡಿದು, ಆಯಿ ಕೆಳಗೇ ಕೂರಲಿ. ದತ್ತಾತ್ರೇಯ ಚೌಕದ ಪೂಜಾರಿ ಮಠದ ಪಕ್ಕದ ಓಣಿಯಲ್ಲಿ ನವಿಲು ಕಿಟಕಿ ಇದೆ. ಮಧ್ಯೆ ಗರಿ ಬಿಚ್ಚಿದ ನವಿಲು, ಅಂಚಿನ ಸುತ್ತ ಪುಟ್ಟ ಪುಟ್ಟ ಹಕ್ಕಿ, ಎಲ್ಲ ಮರ. ಅವಸರ ಮಾಡಬೇಡಿ, ಅಪ್ಪಯ್ಯ ಸಾಕು ಅನ್ನೋವರೆಗೂ ನಿಲ್ಲಿಸಿ.

ಮೂರನೇ ದಿನ ಪಾಟನ್ ಒಂದೇ ಸಾಕು. 1637ರ ಕೃಷ್ಣ ಮಂದಿರ ಪೂರ್ತಿ ಕಲ್ಲಿನದ್ದು, ಪಟ್ಟಿಕೆಗಳಲ್ಲಿ ಮಹಾಭಾರತ, ರಾಮಾಯಣ ಕೊರೆದಿದ್ದಾರೆ.

ಕಾರವಾರ ಬಂದರು:
ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಗುಡ್ಡದ ಮೇಲಿನ ಸ್ವಯಂಭೂ ಸ್ತೂಪ ನೋಡಲೇಬೇಕು ಅಂದ್ರೆ ಪೂರ್ವದ 365 ಮೆಟ್ಟಿಲ ಕಡೆ ಹೋಗಬೇಡಿ. ಪಶ್ಚಿಮದಿಂದ ಗಾಡಿ ಮೇಲಿನವರೆಗೂ ಹೋಗುತ್ತದೆ, ಅಲ್ಲಿ ಮೆಟ್ಟಿಲು ಕಡಿಮೆ. ವಿಮಾನದಲ್ಲಿ ಹೋಗೋದಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು, ಆಧಾರ್ ನಂಬಿ ಹೊರಡಬೇಡಿ. ನಮ್ಮ ನೂರು ರೂಪಾಯಿ ಅಲ್ಲಿ 160. ನೂರರ ನೋಟು ಒಯ್ದರೆ ಅನುಕೂಲ. ಅಲ್ಲಿ ವಾರದ ರಜೆ ಶನಿವಾರ. ಪಶುಪತಿಗೆ ಆ ದಿನ ಬೇಡ, ರಶ್ ಜಾಸ್ತಿ.

ಭಟ್ಕಳ ಪೇಟೆ:
ನಿಮ್ಮ ಅಪ್ಪಯ್ಯ ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿದ್ದಾರಾ? ಹೊರಡುವ ಮೊದಲು ಒಮ್ಮೆ ತೋರಿಸಿ. ಅದರ ಒಂದರ ಮೇಲೊಂದು ಇಳಿಜಾರು ಮಾಡು ನೇಪಾಳದ ಗುಡಿಗಳ ಹಾಗೇ ಇದೆ. ಈ ಹೋಲಿಕೆಯನ್ನು ಹತ್ತೊಂಬತ್ತನೇ ಶತಮಾನದಲ್ಲೇ ಭಾರತದ ಹಳೇ ಕಟ್ಟಡಗಳ ಬಗ್ಗೆ ಬರೆದ ಜೇಮ್ಸ್ ಫರ್ಗ್ಯುಸನ್ ಬರೆದಿದ್ದಾನೆ. ಎರಡನ್ನೂ ನೋಡಿದವರಿಗೆ ಮಾತಾಡಲು ಬೇಕಾದಷ್ಟು ಸಿಗುತ್ತದೆ.

ಶಿರಸಿ ತೋಟದಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಕರ್ಣೇಶ್ವರದ ಸುದ್ದಿ ಕೇಳಿ ಆಯಿ ಈಗಲೇ ಹೊರಟು ನಿಂತಿದ್ದಾಳೆ. ಅಪ್ಪಯ್ಯನಿಗೆ ಊಟದ ಚಿಂತೆ. ಅನ್ನ ಸಿಗುತ್ತದಾ ಅಕ್ಕಾ?

ಗೋಕರ್ಣದವಳು:
ಅವರ ಊಟವೇ ಅನ್ನ, ಬೇಳೆ, ಪಲ್ಯ. ದಾಲ್ ಭಾತ್ ಅಂತಾರೆ, ಕೇಳಿದಷ್ಟು ಬಡಿಸುತ್ತಾರೆ. ಮಾಂಸ ಬೇಡ ಅಂತ ಮೊದಲೇ ಹೇಳಿಬಿಡಿ. ಭಕ್ತಪುರದಲ್ಲಿ ಮಣ್ಣಿನ ಕುಡಿಕೆಯಲ್ಲಿ ಜುಜು ಧೌ ಅನ್ನೋ ಸಿಹಿ ಮೊಸರು ಕೊಡುತ್ತಾರೆ, ಅದನ್ನು ಮಾತ್ರ ಬಿಡಬೇಡಿ.