ಸಹಾಯ ಬೇಕು: ಟಾಂಪೆರೆ ಒಪ್ಪಂದವನ್ನು ದೇಶದ ಕಾನೂನಿಗೆ ತರುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಕಾನೂನು ವಿದ್ಯಾರ್ಥಿ. ಟಾಂಪೆರೆ ಒಪ್ಪಂದದ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ. ಭೂಕಂಪ, ಪ್ರವಾಹದಂತಹ ಸಮಯದಲ್ಲಿ ಹೊರದೇಶದ ನೆರವು ತಂಡಗಳು ತಮ್ಮ ಸ್ಯಾಟಲೈಟ್ ಫೋನು, ರೇಡಿಯೊ ಸೆಟ್ಟುಗಳನ್ನು ಅಡ್ಡಿಯಿಲ್ಲದೆ ತಂದು ಬಳಸಲಿ ಅಂತ 1998ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ಒಪ್ಪಿಕೊಂಡರು. 30 ದೇಶಗಳ ಒಪ್ಪಿಗೆ ಸಿಕ್ಕಿ ಜಾರಿಗೆ ಬಂದದ್ದು 2005ರ ಜನವರಿ 8ರಂದು. ಅಂದರೆ ಆರು ವರ್ಷಕ್ಕೂ ಜಾಸ್ತಿ ಹಿಡಿಯಿತು!

ನನಗೆ ಕಾಡುತ್ತಿರುವುದು ಆಮೇಲಿನ ಹಂತ. ನೆದರ್ಲೆಂಡ್ಸ್‌ನಂಥ ದೇಶದಲ್ಲಿ ಒಪ್ಪಿದ ಒಪ್ಪಂದದ ಕೆಲವು ನಿಯಮಗಳು ನೇರವಾಗಿ ಅನ್ವಯಿಸಬಹುದು. ಬ್ರಿಟನ್ನಿನಂಥ ಕಡೆ ಹಾಗಲ್ಲ, ದೇಶದೊಳಗಿನ ಕಾನೂನು ಬದಲಾಗಬೇಕಾದರೆ ಸಂಸತ್ತೇ ಕಾಯ್ದೆ ಮಾಡಬೇಕು. ಸುಮ್ನೆ ಸಹಿ ಹಾಕಿದರೆ ಕಸ್ಟಮ್ಸ್ ಅಧಿಕಾರಿ ರೇಡಿಯೊ ಪೆಟ್ಟಿಗೆಯನ್ನು ಬಿಡುವುದಿಲ್ಲ ಅಲ್ವಾ? ಅವರ ಕೈಯಲ್ಲಿರುವುದು ಹಳೆಯ ನಿಯಮವೇ. ತರಂಗಾಂತರದ ಲೈಸೆನ್ಸು, ಸುಂಕ, ಸಿಬ್ಬಂದಿಯ ವೀಸಾ ಮೂರೂ ಬೇರೆ ಬೇರೆ ಇಲಾಖೆಗೆ ಸೇರಿದವು. ಒಂದು ಕಡೆ ತಡವಾದರೂ ಅವಶೇಷದಡಿ ಸಿಕ್ಕವರಿಗೆ ಕಾಯಲು ಸಮಯವಿರುವುದಿಲ್ಲ.

ಹೀಗಾಗಿ ಕೇಳುತ್ತಿದ್ದೇನೆ: ಇದಕ್ಕೆ ಒಂದೇ ಹೊಸ ಕಾಯ್ದೆ ಒಳ್ಳೆಯದೋ, ಇರುವ ಕಾಯ್ದೆಗಳಿಗೆ ತಿದ್ದುಪಡಿ ಸಾಕೋ? ನನಗಂತೂ ಒಂದೇ ಕಾಯ್ದೆ ಸರಿ ಅನ್ನಿಸುತ್ತದೆ. ಕರಡು ಬರೆದ ಅಥವಾ ನೆರವು ತಂಡದಲ್ಲಿ ಕೆಲಸ ಮಾಡಿದ ಅನುಭವ ಇದ್ದವರು ದಯವಿಟ್ಟು ತಿಳಿಸಿ. ಯಾವುದಾದರೂ ದೇಶದ ಕಾಯ್ದೆಯ ಪ್ರತಿ ಇದ್ದರೆ ಇಲ್ಲೇ ಹಾಕಿ.