ಅಡಿಕೆ ತೋಟದ ಕಾಫಿ: ಪಲ್ಪರ್ ಕೊಂಡರೆ ಸ್ಪೆಷಾಲಿಟಿ ಬೆಲೆ ಸಿಗುತ್ತದೆಯೇ?

ಪ್ರಶ್ನೆ (ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು): ನಮಸ್ಕಾರ ಮೇಡಂ. ನಮ್ಮೂರಿನಲ್ಲಿ ಏಳು ಮನೆ, ಎಲ್ಲರದ್ದೂ ಸಣ್ಣ ಅಡಿಕೆ ತೋಟ. ನಡುವೆ ರೋಬಸ್ಟಾ ಜಾತಿಯ ಕಾಫಿ ಇದೆ, ಅಲ್ಲಲ್ಲಿ ಒಂದಿಷ್ಟು ಅರೇಬಿಕಾ ಜಾತಿಯದು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಎಲ್ಲರ ಕಣ್ಣೂ ಕಾಫಿಯ ಮೇಲಿದೆ. ಇದುವರೆಗೆ ಹಣ್ಣನ್ನು ಇಡಿಯಾಗಿ ಒಣಗಿಸಿ ಚೆರಿ ಮಾರುತ್ತಿದ್ದೆವು. ಒಟ್ಟಾಗಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಕೊಂಡು, ಸುಲಿದು ತೊಳೆದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಮಾಡಿದರೆ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿಯ ಬೆಲೆ ಸಿಗುತ್ತದೆಯೇ?

ಉತ್ತರ (ಕಾಫಿ ರುಚಿ ಪರೀಕ್ಷಕಿ): ಪಲ್ಪರ್ ಸಿಪ್ಪೆ ಸುಲಿಯುತ್ತದೆ, ಅಷ್ಟೇ. ಹಸಿರು ಕಾಯಿಯನ್ನು ಅದು ಹಣ್ಣು ಮಾಡುವುದಿಲ್ಲ. ಸ್ಪೆಷಾಲಿಟಿ ಎನಿಸಿಕೊಳ್ಳಲು ರುಚಿ ಪರೀಕ್ಷೆಯಲ್ಲಿ 100ಕ್ಕೆ ಕನಿಷ್ಠ 80 ಅಂಕ ಬೇಕು. ಅದಕ್ಕೂ ಮೊದಲು 350 ಗ್ರಾಂ ಬೀಜ ಹರಡಿಕೊಂಡು ದೋಷ ಎಣಿಸುತ್ತೇವೆ. ಅರೇಬಿಕಾದಲ್ಲಿ ಪೂರ್ತಿ ಕಪ್ಪಾದ ಒಂದೇ ಬೀಜ ಕಂಡರೂ ಆ ದರ್ಜೆ ತಪ್ಪಿತು. ರೋಬಸ್ಟಾದ ಮಾನದಂಡ ಬೇರೆ, ಆದರೆ ಸಡಿಲವೇನಲ್ಲ.

ಆದ್ದರಿಂದ ಈ ವರ್ಷ ದೊಡ್ಡ ಯಂತ್ರದ ಮಾತು ಬೇಡ. ಕೈಯಲ್ಲಿ ತಿರುಗಿಸುವ ಸಣ್ಣ ಪಲ್ಪರ್ ಎಲ್ಲಾದರೂ ಎರವಲು ಸಿಕ್ಕರೆ ಸಾಕು. ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಕೊಯ್ಯಿಸಿ, ನೀರಿಗೆ ಸುರಿದು ತೇಲಿದ್ದನ್ನು ತೆಗೆದು, ಅದೇ ದಿನ ಪಲ್ಪ್ ಮಾಡಿ. ಬೀಜಕ್ಕೆ ಅಂಟಿದ ಲೋಳೆ ಹುಳಿತು ಬಿಡಲು ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ರೋಬಸ್ಟಾದ ಲೋಳೆ ದಪ್ಪ. ಚಳಿಯಿದ್ದರೆ ಎರಡು ದಿನ ದಾಟುವುದೂ ಉಂಟು. ಗಡಿಯಾರಕ್ಕಿಂತ ಕೈಯನ್ನು ನಂಬಿ: ಮುಷ್ಟಿಯಲ್ಲಿ ಹಿಂಡಿದಾಗ ಜಾರದೆ ಜಲ್ಲಿಯಂತೆ ಗರಗರ ಎಂದರೆ ತೊಳೆಯುವ ಹೊತ್ತಾಯಿತು. ತಡವಾದರೆ ಹುಳಿ ನಾತ ಬೀಜಕ್ಕೇ ಇಳಿಯುತ್ತದೆ. ಕೊನೆಗೆ ತೇವಾಂಶ ಶೇ 10ರ ಹತ್ತಿರ ಬರುವವರೆಗೆ ಒಣಗಿಸಿ, ಮಾದರಿ ಕಳುಹಿಸಿ, ಅಂಕ ನೋಡಿ ಮುಂದಿನ ಲೆಕ್ಕ ಹಾಕಿ.

ಬೆಲೆಯ ಬಗ್ಗೆಯೂ ಒಂದು ಮಾತು. ಚೆರಿ ಚೀಲದ ಬೆಲೆಯನ್ನೂ ಪಾರ್ಚ್‌ಮೆಂಟ್ ಚೀಲದ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಡಿ. 50 ಕೆಜಿ ಚೆರಿಯಲ್ಲಿ ಬೀಜ ಸಿಗುವುದು ಅರ್ಧದ ಆಸುಪಾಸು. ಅಷ್ಟೇ ತೂಕದ ಪಾರ್ಚ್‌ಮೆಂಟಿನಲ್ಲಿ 40 ಕೆಜಿ ಹತ್ತಿರ. ಚೀಲದ ಬೆಲೆ ಏರಿದ್ದನ್ನು ನೋಡಿಯೇ ಲಾಭ ಎಂದುಕೊಳ್ಳುವವರು ಬಹಳ.

ಪ್ರಶ್ನೆ (ಅವರೇ): ಒಣಗಿಸಲು ಅಡಿಕೆ ಚಪ್ಪರ ಬಳಸಬಹುದೇ?

ಉತ್ತರ: ಧಾರಾಳವಾಗಿ. ಬೇರೆಯವರು ಹಣ ಕೊಟ್ಟು ಕಟ್ಟಿಸುವ ಎತ್ತರದ ಹಾಸು ನಿಮ್ಮ ಮನೆಯಂಗಳದಲ್ಲೇ ಇದೆ. ಮೇಲೆ ಶುದ್ಧವಾದ ಬಲೆ ಹಾಸಿ, ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಸಂಜೆ ಮಂಜು ಬೀಳುವ ಮೊದಲು ಮುಚ್ಚಿ. ಆದರೆ ಅಡಿಕೆ ಬೇಯಿಸುವ ಒಲೆ ಉರಿಯುತ್ತಿರುವಾಗ ಬೇಡವೇ ಬೇಡ. ಹಸಿ ಪಾರ್ಚ್‌ಮೆಂಟ್ ಹೊಗೆಯನ್ನೂ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ವಾಸನೆಯನ್ನೂ ಹೀರಿಕೊಳ್ಳುತ್ತದೆ. ಲೋಟದಲ್ಲಿ ಅದು ನನಗೆ ಮೊದಲ ಗುಟುಕಿಗೇ ತಿಳಿಯುತ್ತದೆ. ಅರೇಬಿಕಾ ಹಣ್ಣಾಗುವುದು ನವೆಂಬರ್‌ನಿಂದ, ಸರಿಯಾಗಿ ಅಡಿಕೆ ಸುಗ್ಗಿಯ ನಡುವೆ. ಆಗ ಚಪ್ಪರವೂ ಖಾಲಿ ಇಲ್ಲ, ಆಳುಗಳೂ ಇಲ್ಲ. ರೋಬಸ್ಟಾ ಜನವರಿ ನಂತರ. ನನ್ನನ್ನು ಕೇಳಿದರೆ ರೋಬಸ್ಟಾದಿಂದಲೇ ಶುರು ಮಾಡಿ, ಹೆಸರು ಅರೇಬಿಕಾದ್ದು ದೊಡ್ಡದಿದ್ದರೂ.

ಪ್ರಶ್ನೆ (ಸದಸ್ಯೆ, ಹೊಸನಗರ): ಏಳು ಮನೆಯ ಹಣ್ಣು ಬೆರೆಸಿದರೆ ಜಗಳವಾಗುವುದಿಲ್ಲವೇ ಅಕ್ಕಾ? ನಮ್ಮಲ್ಲಿ ಹಾಲಿನ ಡೇರಿಯಲ್ಲೇ ಆಗುತ್ತದೆ!

ಉತ್ತರ: ಆಗುತ್ತದೆ, ಅದೂ ಹಣ್ಣು ತೂಗುವಾಗಲೇ ಆಗಲಿ. ಮನೆಮನೆಯ ಹಣ್ಣನ್ನು ಬೇರೆಬೇರೆಯಾಗಿ ಆರಿಸಿ, ಒಪ್ಪಿದ್ದನ್ನು ಮಾತ್ರ ತೂಗಿ ಪುಸ್ತಕದಲ್ಲಿ ಬರೆಯಿರಿ. ಕಾಯಿ, ತೇಲು ಅವರವರ ಬುಟ್ಟಿಗೇ ವಾಪಸ್. ಆಂಧ್ರದ ಅರಕು ಕಣಿವೆಯಲ್ಲಿ ಸಣ್ಣ ಹಿಡುವಳಿಯ ಆದಿವಾಸಿ ರೈತರ ಹಣ್ಣನ್ನು ಒಂದೆಡೆ ತಂದು ಪಲ್ಪ್ ಮಾಡುವ ಪದ್ಧತಿ ನಡೆದುಬಂದಿದೆ, ಆ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕವೂ (ಊರಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ) ಸಿಕ್ಕಿದೆ. ಹಾಗಾಗಿ ಆಗದ ಕೆಲಸವಲ್ಲ. ಇನ್ನು ತೊಳೆದ ನೀರನ್ನು ದಯವಿಟ್ಟು ಹಳ್ಳಕ್ಕೆ ಬಿಡಬೇಡಿ, ಮೀನು ಸಾಯುತ್ತವೆ. ಅದಕ್ಕೆ ಬೇರೆ ಗುಂಡಿ ಬೇಕು, ಬಾವಿಯಿಂದ ದೂರದಲ್ಲಿ. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.