ಸಹಾಯ ಬೇಕು: ತಂಗಿಯ ಮಂಡಿಗೆ ಎಂಆರ್‌ಐ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡು ಆರು ವಾರ ಆಯಿತು. ಎಕ್ಸ್‌ರೇ ತೆಗೆಸಿದೆವು. "ಮೂಳೆ ಸರಿಯಾಗಿದೆ, ಏನೂ ಇಲ್ಲ" ಅಂದರು. ಆದರೆ ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ (ಮೂಳೆ ತುದಿಗಳ ಮೇಲಿನ ಮೆತ್ತನೆಯ ಪದರ) ಕಾಣುವುದೇ ಇಲ್ಲ ಅಲ್ವಾ? ಅದು ಜಾಸ್ತಿ ಸವೆದಿದ್ದರೆ ಮೂಳೆಗಳ ನಡುವಿನ ಜಾಗ ಕಿರಿದಾಗಿರುವುದು ತಿಳಿಯುತ್ತದೆ, ಅಷ್ಟೇ. ಇವಳಿಗೆ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ, ಸಂಜೆಗೆ ಊದಿಕೊಳ್ಳುತ್ತದೆ. ಸುಮ್ನೆ ಬಿಡಲು ಮನಸ್ಸಿಲ್ಲ.

ಈಗ ಬೇರೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದಾರೆ. 1.5 ಟೆಸ್ಲಾ (ಅಯಸ್ಕಾಂತದ ಶಕ್ತಿಯ ಅಳತೆ) ಮೆಷಿನ್ ಸಾಕಾ, 3 ಟೆಸ್ಲಾನೇ ಬೇಕಾ? 3ರಲ್ಲಿ ಚಿತ್ರ ಇನ್ನೂ ಸ್ಪಷ್ಟವಾಗಿ ಬರುತ್ತದಂತೆ. ಜಯನಗರ, ಬನಶಂಕರಿ ಕಡೆ ಮಾಡಿಸಿದವರು ಇದ್ದರೆ ಎಷ್ಟು ಖರ್ಚಾಯಿತು, ರಿಪೋರ್ಟಿನಲ್ಲಿ ಕಾರ್ಟಿಲೇಜ್ ಗ್ರೇಡ್ (ಎಷ್ಟು ಹಾಳಾಗಿದೆ ಅನ್ನುವ ಮಟ್ಟ) ಬರೆದಿದ್ದರಾ, ದಯವಿಟ್ಟು ತಿಳಿಸಿ. ಅವಳಿಗಿನ್ನೂ 19 ವರ್ಷ. ಮತ್ತೆ ಯಾವಾಗ ಆಡಬಹುದು ಅಂತ ದಿನಾ ಕೇಳುತ್ತಾಳೆ.